ಮಡಿ ಗಾಡಿಯ ನಂದಾದೀಪ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ದುರ್ಗಾಳ ಬ್ಯಾಟರಿ ಅಂಗಡಿ. ಅಂಗಡಿಯೆಂದರೆ ಒಂದು ಶಟರು, ಒಂದು ಚಾರ್ಜರು, ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ಕೂತ ಬ್ಯಾಟರಿಗಳು, ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಪಟ, ಅದರ ಮಗ್ಗುಲಿಗೆ ಗುಡ್ಡದ ಎಲ್ಲಮ್ಮನ ಪಟ. ಮೊದಲನೆಯದನ್ನು ಅಪ್ಪ ತಂದದ್ದು, ಎರಡನೆಯದನ್ನು ಆಯಿ, ಅಂದರೆ ಅಜ್ಜಿ. ಅದಕ್ಕಾಗಿ ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ಒಂದೇ ಮೊಳೆ ಎರಡು ಪಟ ಹೊರಲಾರದೆಂದು ಎರಡು ಮೊಳೆ ಹೊಡೆದಿದ್ದರು, ಅಷ್ಟೆ.

ಅಂಗಡಿ ಮೊದಲು ಸೋದರಮಾವ ಗಂಗಪ್ಪನದಾಗಿತ್ತು. ಅವನ ಕೈ ನಡುಗತೊಡಗಿದ ಮೇಲೆ ನಟ್ಟು ಬಿಚ್ಚುವ ಪಾನಾ ದುರ್ಗಾಳ ಕೈಗೆ ಬಂತು. ನಾಲ್ಕು ವರ್ಷದಿಂದ ಅವಳೇ ಬಿಚ್ಚುತ್ತಾಳೆ, ಅವಳೇ ಕೂಡಿಸುತ್ತಾಳೆ. ಗಂಗಪ್ಪ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಾನೆ. ಅಂಗಡಿ ಕೈಗೆ ಕೊಡುವ ದಿನ ಅವನು ಹೇಳಿದ್ದು ಒಂದೇ ಮಾತು. ಎಣ್ಣೆಯನ್ನು ಮೂಸಿ ನೋಡಿ ಕೊಳ್ಳುತ್ತಾರೆ, ಬಟ್ಟೆಯನ್ನು ಹಿಡಿದು ನೋಡಿ ಕೊಳ್ಳುತ್ತಾರೆ. ಬ್ಯಾಟರಿ ಮುಚ್ಚಿದ ಪೆಟ್ಟಿಗೆ, ಅದನ್ನು ಮಾರುವವರ ಮಾತು ನಂಬಿ ಕೊಳ್ಳುತ್ತಾರೆ. ಮಾತು ಕೆಟ್ಟಿತೆಂದರೆ ಶಟರು ಎಳೆದುಕೊಂಡು ಮನೆಗೆ ಹೋಗಬೇಕು.

ಆ ಮಾತಿಗೇ ಒಂದು ಬುಧವಾರ ಕಲ್ಲು ಬಿತ್ತು.

ಸಂಪಗಾಂವದ ವೆಂಕಣ್ಣಾಚಾರ್ಯರು ಬಸ್ಸಿನಿಂದ ಇಳಿದವರೇ ಚೀಲದಿಂದ ಬ್ಯಾಟರಿ ತೆಗೆದು ಕೌಂಟರಿನ ಮೇಲೆ ಕುಕ್ಕಿದರು. ಎದುರಿನ ಪರಸಪ್ಪನ ಚಹದಂಗಡಿಯಲ್ಲಿ ಜನ ತುಂಬಿತ್ತು. ಆಚಾರ್ಯರ ಕಂಠ ಮಂತ್ರ ಹೇಳಿ ಪಳಗಿದ್ದು. ಸಣ್ಣಗೆ ಮಾತಾಡಿದರೂ ಗಲ್ಲಿಯ ಆ ತುದಿಗೆ ಕೇಳುತ್ತದೆ. ಅವತ್ತು ಅವರು ಸಣ್ಣಗೆ ಮಾತಾಡಲಿಲ್ಲ.

"ತಗೋ ನಿನ್ನ ಬ್ಯಾಟರಿ. ಮೊದಲನೇದು ನಾಕು ತಿಂಗಳಿಗೆ ಸತ್ತಿತು. ಬದಲಿ ಕೊಟ್ಟಿ. ಇದು ಮೂರು ತಿಂಗಳಿಗೆ ಸತ್ತದ. ಹಳೇ ಮಾಲಿಗೆ ಬಣ್ಣಾ ಬಳದು ಮಾರತೀಯೇನು?"

ಚಹದಂಗಡಿಯಲ್ಲಿ ಕಪ್ಪು-ಬಸಿಗಳ ಸದ್ದು ನಿಂತಿತು. ಒಳಗಿನಿಂದ ಯಾವನೋ, "ಹೆಣ್ಣುಮಗಳ ಕೈಯಾಗಿನ ಕರೆಂಟ್ರಿ ಆಚಾರ್ರ, ತವರಮನಿಗೆ ಹೋಗಿರತೈತಿ," ಎಂದ. ನಾಲ್ಕು ಜನ ನಕ್ಕರು.

ದುರ್ಗಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಇಟ್ಟಳು. ಹನ್ನೆರಡರ ಮೇಲೆ ಇರಬೇಕಾದ ಅಂಕಿ ಒಂಬತ್ತೂವರೆಗೆ ಬಂದು ನಿಂತಿತ್ತು.

"ಇದು ಪೂರಾ ಬರಿದಾಗೇತ್ರಿ ಆಚಾರ್ರ. ಗಾಡಿ ತರ್ರಿ, ಗಾಡಿ ನೋಡಬೇಕು."

"ಗಾಡಿ ಇಲ್ಲಿಗೆ ಬರೂದಿಲ್ಲ. ಅದು ಮಡಿ ಗಾಡಿ."

ಈ ಮಾತು ತಾಲೂಕಿಗೆಲ್ಲ ಗೊತ್ತಿತ್ತು. ಮಂಗಳವಾರ, ಶುಕ್ರವಾರ ಎರಡು ಹಳ್ಳಿಗಳ ದೇವಿಗುಡಿಗೆ ಆಚಾರ್ಯರದು ಪೂಜೆ. ದೇವಿಯ ಬೆಳ್ಳಿಯ ಮುಖವಾಡ, ನೈವೇದ್ಯದ ಡಬ್ಬಿ ಆ ಮೋಟಾರ್‌ಸೈಕಲ್ಲಿನ ಮೇಲೆಯೇ ಹೋಗಬೇಕು. ಆ ಎರಡು ದಿನ ಮೊದಲು ಅವರ ಸ್ನಾನ, ಆಮೇಲೆ ಗಾಡಿಯ ಸ್ನಾನ. ಉಳಿದ ದಿನ ಅದು ಮನೆಯ ಅಂಗಳ ಬಿಟ್ಟು ಕದಲುವುದಿಲ್ಲ, ಬೇರೆಯವರ ಕೈ ಅದಕ್ಕೆ ಸೋಕುವುದಿಲ್ಲ. ಬ್ಯಾಟರಿಯನ್ನು ಕೂಡ ಕೊಂಡೊಯ್ದು ನೀರು ಚಿಮುಕಿಸಿ ತಾವೇ ಕೂಡಿಸಿಕೊಂಡಿದ್ದರು.

"ಹೆಚ್ಚಿಗಿ ಏನರ ಫಿಟಿಂಗ್ ಹಾಕ್ಸೀರೇನ್ರಿ? ದೊಡ್ಡ ಹಾರ್ನು, ಮೊಬೈಲ್ ಚಾರ್ಜರು, ಬಣ್ಣದ ಲೈಟು?"

"ಏನೂ ಇಲ್ಲ. ಶೋರೂಮಿನಿಂದ ಬಂದಂಗ ಅದ. ದೇವರ ಆಣಿ."

"ಯಾವತ್ತು ಕೈ ಕೊಡತೈತ್ರಿ?"

"ಮಂಗಳವಾರ. ಶುಕ್ರವಾರ ಗೊರಗೊರಾ ಅಂತ ಹ್ಯಾಂಗೋ ಏಳತದ. ಮಂಗಳವಾರ ಬಟನ್ ಒತ್ತಿದ್ರ ಬರೇ ಟಕ್ ಟಕ್. ಈ ಮಾಡೆಲ್ಲಿಗೆ ಕಿಕ್ಕೂ ಇಲ್ಲ. ಇಷ್ಟು ದಿನ ನಾನಽ ನೂಕಿ ಎಬ್ಬಸತಿದ್ದೆ, ಈಗ ಅದಕ್ಕೂ ಏಳೂದಿಲ್ಲ. ನಿನ್ನೆ ದೇವಿ ಮುಖಾ ತೊಡೀ ಮ್ಯಾಲಿಟಗೊಂಡು ಬಸ್ಸಿನ್ಯಾಗ ಹೋದೆ, ತಿಳೀತ?" ಆಚಾರ್ಯರು ಚಹದಂಗಡಿಯ ಕಡೆ ತಿರುಗಿದರು. ಧ್ವನಿ ಇನ್ನಷ್ಟು ಎತ್ತರಿಸಿದರು. "ಹೊಸಾದು ಕೊಡು. ಇಲ್ಲಂದ್ರ ಬರೂ ಬುಧವಾರ ಇದೇ ಜಾಗಾದಾಗ ನಿಂತು, ಇಕಿ ಹತ್ರ ಯಾರೂ ಬ್ಯಾಟರಿ ತಗೋಬ್ಯಾಡ್ರಿ ಅಂತ ಊರಿಗೆಲ್ಲ ಹೇಳತೇನಿ."

"ಕೊಡೂದಿಲ್ರಿ," ಎಂದಳು ದುರ್ಗಾ. "ಇದನ್ನ ಚಾರ್ಜಿಗೆ ಹಚ್ಚತೇನಿ. ನಾಳಿ ಮಧ್ಯಾಹ್ನ ನಾನಽ ತಗೊಂಡು ನಿಮ್ಮ ಮನಿಗೆ ಬರತೇನಿ."

ಆಚಾರ್ಯರಿಗೆ ಆ ಉತ್ತರ ಎಷ್ಟು ಅನಿರೀಕ್ಷಿತವಾಗಿತ್ತೆಂದರೆ, ಬರಬೇಡವೆನ್ನುವುದನ್ನೂ ಮರೆತು ಬಸ್ಸಿನ ಕಡೆ ನಡೆದರು.

ಮಾತಿನ ಪೆಟ್ಟು ಸಂಜೆಯೊಳಗೇ ಕಾಣಿಸಿತು. ಟ್ರ್ಯಾಕ್ಟರಿಗೆ ದೊಡ್ಡ ಬ್ಯಾಟರಿ ಒಯ್ಯಲು ಬಂದಿದ್ದ ಬೀರಪ್ಪ ಕಪಾಟಿನ ಮುಂದೆ ನಿಂತು, ತಲೆ ಕೆರೆದುಕೊಂಡು, "ಬರೂ ಬುಧವಾರ ಆಗಲಿ, ನೋಡೂಣು," ಎಂದು ಬರಿಗೈಯಲ್ಲಿ ಹೋದ.

ಗಂಗಪ್ಪ ಸ್ಟೂಲನ್ನು ಒಳಗೆಳೆದುಕೊಂಡ. "ದುರ್ಗವ್ವಾ, ಒಂದು ಬ್ಯಾಟರಿ ಹೋದ್ರ ಹೋಗಲಿ. ಕೊಟ್ಟು ಕೈ ತೊಳಕೋ. ಅವರ ಧ್ವನಿ ದೊಡ್ಡದೈತಿ."

"ಕೊಟ್ರ ಒಪ್ಪಿಕೊಂಡಂಗ ಆತಲ್ಲ ಮಾವ. ಮೊದಲನೇ ಸಲಾನಽ ಗಾಡಿ ನೋಡದಽ ಬದಲಿ ಕೊಟ್ಟೆ. ಅದೊಂದು ನನ್ನ ತಪ್ಪು. ಎರಡನೇ ತಪ್ಪು ಮಾಡೂದಿಲ್ಲ."

"ಮಡಿ ಗಾಡಿ ನಿನಗ ಮುಟ್ಟಾಕ ಬಿಡತಾರೇನ?"

"ಅದನ್ನೂ ನೋಡೂಣು."

ಚಾರ್ಜರಿನ ಹಸಿರು ದೀಪದ ಮುಂದೆ ಕೂತು ಅವಳು ಆಚಾರ್ಯರ ಮಾತನ್ನು ಮತ್ತೆ ಕೇಳಿಸಿಕೊಂಡಳು. ಕೇಳುವುದನ್ನು ಅವಳು ಕಲಿತದ್ದು ಸುರೇಬಾನದ ಆಯಿ ಕೃಷ್ಣವ್ವನಿಂದ. ಆಯಿಯ ಕಾಲದಲ್ಲಿ ಶ್ರಾವಣ ಬಂದರೆ ಗುಡಿಯೊಳಗೆ ಪುರಾಣ ಓದುತ್ತಿದ್ದರು. ಆಯಿಯಂಥವರಿಗೆ ಒಳಗೆ ಜಾಗವಿರಲಿಲ್ಲ. ಅವಳು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು, ಗೋಡೆ ದಾಟಿ ಬಂದಷ್ಟನ್ನೂ ಕಿವಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಅಕ್ಷರ ಗೊತ್ತಿಲ್ಲದ ಆಯಿಗೆ ಭಾಮಿನಿ ಷಟ್ಪದಿಯ ನಡೆ ಗೊತ್ತಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬೆನ್ನ ಮೇಲೆ ಬೆರಳಾಡಿಸುವಳು: ಮೂರು, ನಾಲ್ಕು, ಮೂರು, ನಾಲ್ಕು. ಒಳಗೆ ಓದುವವನು ಒಂದು ಮಾತ್ರೆ ತಪ್ಪಿದರೆ ಹೊರಗೆ ಅವಳ ಬೆರಳು ತಡೆಯುತ್ತಿತ್ತು.

ಮಂಗಳವಾರದಿಂದ ಶುಕ್ರವಾರಕ್ಕೆ ಮೂರು ದಿನ. ಶುಕ್ರವಾರದಿಂದ ಮಂಗಳವಾರಕ್ಕೆ ನಾಲ್ಕು ದಿನ. ಮೂರಕ್ಕೆ ಗೊರಗೊರ, ನಾಲ್ಕಕ್ಕೆ ಟಕ್ ಟಕ್. ದುರ್ಗಾಳ ಬೆರಳು ಕೌಂಟರಿನ ಮೇಲೆ ತಾನಾಗಿ ಆಡಿತು. ಕೆಟ್ಟ ಬ್ಯಾಟರಿಗೆ ವಾರ ತಿಥಿ ಇರುವುದಿಲ್ಲ. ಸೋಮವಾರವೂ ಬೀಳುತ್ತದೆ, ಹಾದಿಯ ನಡುವೆಯೂ ಬೀಳುತ್ತದೆ. ಇದು ನಡೆ ತಪ್ಪದೆ ಬೀಳುತ್ತಿತ್ತು. ನಿಂತ ಗಾಡಿಯಲ್ಲಿ ಕೂತು ಯಾವುದೋ ಒಂದು ಬಾಯಿ ಹಗಲೂ ಇರುಳೂ ಒಂದೇ ಅಳತೆಯಲ್ಲಿ ಹೀರುತ್ತಿತ್ತು.

ಗುರುವಾರ ಮಧ್ಯಾಹ್ನ ಬ್ಯಾಟರಿಯನ್ನು ತನ್ನ ಸ್ಕೂಟಿಯ ಮುಂದಿಟ್ಟುಕೊಂಡು ಅವಳು ಸಂಪಗಾಂವಕ್ಕೆ ಹೋದಳು.

ಅಂಗಳದ ತಗಡಿನ ಚಪ್ಪರದ ಕೆಳಗೆ ಗಾಡಿ ನಿಂತಿತ್ತು. ಹೆಡ್‌ಲೈಟಿನ ಹಣೆಗೆ ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ. ಹೊಸ್ತಿಲ ಬಳಿ ಆಚಾರ್ಯರ ತಾಯಿ ಲೀಲಾಬಾಯಿ ಅರಳೆ ಹಿಡಿದು ಬತ್ತಿ ಹೊಸೆಯುತ್ತಿದ್ದರು. ಸದ್ದು ಕೇಳಿ ಆಚಾರ್ಯರು ಒಳಗಿನಿಂದ ಓಡಿಬಂದರು.

"ಮುಟ್ಟಬ್ಯಾಡ. ಅಲ್ಲೇ ನಿಂದ್ರು."

"ಮುಟ್ಟೂದಿಲ್ರಿ. ಕೈ ನಿಮ್ಮವು, ಬಾಯಿ ನಂದು. ನಾ ಹೇಳಿದಂಗ ಮಾಡ್ರಿ. ಬ್ಯಾಟರಿ ಕೆಟ್ಟಿದ್ದು ಖರೇ ಆದ್ರ ಇಲ್ಲೇ ಹೊಸಾದು ಕೊಟ್ಟು, ನಾಳಿಂದ ಶಟರು ಎಳೀತೇನಿ."

ಈ ಮಾತಿಗೆ ಲೀಲಾಬಾಯಿ ತಲೆಯೆತ್ತಿ ನೋಡಿದರು. "ಮಾಡು ವೆಂಕಣ್ಣ. ಅಂಗಡೀನಽ ಪಣಕ್ಕಿಟ್ಟು ಆಡಲಿಕ್ಕೆ ಹತ್ಯಾಳ, ನೋಡೋಣಂತ."

ಅಲ್ಲಿಂದ ಮುಂದೆ ಅಂಗಳದಲ್ಲಿ ನಡೆದದ್ದು ಸಂಪಗಾಂವದ ಜನ ಇನ್ನೂ ಹೇಳಿಕೊಂಡು ನಗುವಂಥದ್ದು. ಕಚ್ಚೆಪಂಚೆಯ ಆಚಾರ್ಯರು ಗಾಡಿಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ, ಐದು ಹೆಜ್ಜೆ ದೂರ ಕೈಕಟ್ಟಿ ನಿಂತ ಹುಡುಗಿ ಹೇಳಿಕೊಡುತ್ತಿದ್ದಾಳೆ. ಅವಳು ಮೀಟರನ್ನು ಕಟ್ಟೆಯ ಮೇಲಿಟ್ಟಾಗ ಆಚಾರ್ಯರು ಅಭ್ಯಾಸಬಲದಿಂದ ಪೂಜೆಯ ಉದ್ಧರಣೆ ಚಮಚದಲ್ಲಿ ನೀರು ತೆಗೆದುಕೊಂಡರು.

"ಅದಕ್ಕ ನೀರು ಬಿದ್ರ ಅದರ ಕೊನೀ ಸ್ನಾನ ಆಗತೈತ್ರಿ," ಎಂದಳು ದುರ್ಗಾ.

ಲೀಲಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಚಾರ್ಯರು ನೀರನ್ನು ತುಳಸಿಗೆ ಹಾಕಿ ಮೀಟರು ಎತ್ತಿಕೊಂಡರು.

ಬ್ಯಾಟರಿ ಕೂಡಿಸಿದ್ದಾಯಿತು. ಕೆಂಪು ಕಡೆಯನ್ನು ಬಿಗಿಸಿ ಕರಿಯ ಕಡೆಯನ್ನು ಬಿಟ್ಟು, ಆ ಕರಿಯ ತಂತಿಗೂ ಬ್ಯಾಟರಿಗೂ ನಡುವೆ ಮೀಟರು ಹಿಡಿಯಲು ಹೇಳಿದಳು. ಗಾಡಿಯಿಂದ ಕದ್ದು ಹೋಗುವುದೆಲ್ಲ ಆ ಹಾದಿಯನ್ನೇ ದಾಟಬೇಕು.

"ಕೀಲಿ ಎಲ್ಲೈತ್ರಿ?"

"ದೇವರ ಮನ್ಯಾಗ, ಗೂಟಕ್ಕ."

"ಹಂಗಾದ್ರ ಅಂಕಿ ಸೊನ್ನೆಗೆ ಬಡಕೊಂಡು ಇರಬೇಕು. ಎಷ್ಟು ತೋರಸತೈತಿ ಓದ್ರಿ."

ಆಚಾರ್ಯರು ಕನ್ನಡಕ ಮೇಲೇರಿಸಿದರು. "ಸೊನ್ನೆ, ಚುಕ್ಕಿ, ಸೊನ್ನೆ, ಐದು."

"ಗಾಡಿ ಮಕ್ಕೊಂಡೈತಿ, ಯಾರೋ ಎದ್ದು ಕುಂತು ಕುಡಿಯಾಕ ಹತ್ಯಾರ. ಫ್ಯೂಜ್ ತಗೀರಿ."

ಫ್ಯೂಜು ತೆಗೆದರು. ಇಡೀ ಗಾಡಿಯ ವಿದ್ಯುತ್ತು ಅದನ್ನು ದಾಟಿಯೇ ಹೋಗಬೇಕು. ಅಂಕಿ ಕದಲಲಿಲ್ಲ. ಕಳವು ಫ್ಯೂಜಿಗಿಂತ ಈಚೆಗೇ, ಬ್ಯಾಟರಿಯ ಬಾಯಲ್ಲಿಯೇ ಇತ್ತು.

ದುರ್ಗಾ ಬಗ್ಗಿ ದೂರದಿಂದಲೇ ನೋಡಿದಳು. ಕೆಂಪು ಕಡೆಯ ದಪ್ಪ ತಂತಿಯ ಜೊತೆಗೆ, ಅದೇ ಸ್ಕ್ರೂವಿನ ಕೆಳಗೆ, ಅರಿಸಿನ ಹಚ್ಚಿದ ಒಂದು ದಾರ ಸೇರಿಕೊಂಡಿತ್ತು. ಗಾಡಿ ಪೂಜೆಯಲ್ಲಿ ಎಲ್ಲರೂ ಕಟ್ಟುವ ಕಂಕಣದ ಹಾಗೆಯೇ ಕಾಣುತ್ತಿತ್ತು.

"ಆ ದಾರಾ ಏನ್ರಿ?"

"ದೇವಿ ದಾರ."

"ಒಂದ್ಚೂರು ಸರಿಸಿ ನೋಡ್ರಿ. ದಾರದ ಒಳಗ ತಾಮ್ರ ಐತಿ."

ಆಚಾರ್ಯರು ಉಗುರಿನಿಂದ ಸರಿಸಿದರು. ತಾಮ್ರ ಮಿಂಚಿತು. ಆ ದಾರದ ಬೆನ್ನು ಹತ್ತಿ ಅವರ ಬೆರಳು ಸೀಟಿನ ಕೆಳಗೆ, ಪೆಟ್ರೋಲ್ ಟಾಕಿಯ ಮಗ್ಗುಲಿಗೆ, ಹ್ಯಾಂಡಲ್ಲಿನ ಬುಡಕ್ಕೆ ಹೋಯಿತು. ಚೆಂಡುಹೂವಿನ ಮಾಲೆ ಸರಿದಾಗ ದೇವಿಯ ಹಿತ್ತಾಳೆಯ ತಗಡು, ಅದರ ಮುಂದೆ ಜೋಳದ ಕಾಳಿನಷ್ಟು ಕೆಂಪು ದೀಪಗಳ ಒಂದು ಸಾಲು. ಹಾಡುಹಗಲಲ್ಲಿ ಉರಿಯುತ್ತಿತ್ತು. ಕೈಯಲ್ಲಿದ್ದ ಮೀಟರು ಜಾರಿ, ಕರಿಯ ತಂತಿ ಕಳಚಿತು. ದೀಪ ಆರಿತು.

"ಫಿಟಿಂಗ್ ಏನೂ ಇಲ್ಲ ಅಂದಿದ್ರಿ," ಎಂದಳು ದುರ್ಗಾ.

"ಫಿಟಿಂಗ್ ಎಲ್ಲಿ ಅದ ಇದು? ನಂದಾದೀಪ ಇದು," ಎಂದರು ಆಚಾರ್ಯರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಹಾರ್ನು ಫಿಟಿಂಗು, ಚಾರ್ಜರು ಫಿಟಿಂಗು. ದೇವರ ಮುಂದಿನ ದೀಪವನ್ನು ಆ ಸಾಲಿನಲ್ಲಿ ಎಣಿಸಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಎರಡು ಸಲ ಬ್ಯಾಟರಿ ಬದಲಿಸುವಾಗಲೂ ಆ ದಾರವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಸ್ಕ್ರೂವಿನ ಕೆಳಗೆ ಬಿಗಿದಿದ್ದರು.

ಹರಕೆ ಲೀಲಾಬಾಯಿಯದು. ಹೋದ ವರ್ಷ ಸವದತ್ತಿಯ ಹಾದಿಯಲ್ಲಿ ಮಗ ಲಾರಿಯ ಮಗ್ಗುಲಿಗೆ ಬಿದ್ದೂ ಬದುಕಿ ಉಳಿದಿದ್ದ. ಗಾಡಿಯ ಮೇಲೆ ದೇವಿಯ ಮುಂದೆ ದೀಪ ಆರದಂತೆ ನೋಡಿಕೊಳ್ಳುತ್ತೇನೆಂದು ಅವರು ಹರಸಿಕೊಂಡಿದ್ದರು. ಉಗರಗೋಳದಲ್ಲಿ ಯಾತ್ರೆಯವರ ಗಾಡಿಗಳಿಗೆ ದೀಪ ಹಚ್ಚಿಕೊಡುವವನು, "ಕೀಲಿಗೆ ಹಚ್ಚಿದ್ರ ಗಾಡಿ ನಿಂತಾಗ ಆರತೈತ್ರಿ ಅಜ್ಜಿ, ನೇರ ಹಚ್ಚತೇನಿ," ಎಂದಿದ್ದನಂತೆ.

"ಬಾಯಾರ, ಒಂದು ಮಾತು ಹೇಳತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು ದುರ್ಗಾ. "ಈ ದೀಪ ವಾರಕ್ಕೊಮ್ಮೆ ಆರಾಕ ಹತ್ತಿತ್ತು. ಶುಕ್ರವಾರ ಗುಡಿಯಿಂದ ಬಂದು ನಿಂತದ್ದು ಸೋಮವಾರ ಕಳಿಯೂದರಾಗ ಬ್ಯಾಟರೀನೂ ಕುಡದು ತಾನೂ ಆರತಿತ್ತು. ಮಂಗಳವಾರ ಮುಂಜಾನೆ ಬಟನ್ ಒತ್ತೂ ಗಡಿಬಿಡ್ಯಾಗ ಹೂವಿನ ಹಿಂದ ಯಾರು ನೋಡತಾರ್ರಿ?"

ಲೀಲಾಬಾಯಿಯ ಅಂಗೈಯಲ್ಲಿ ಬತ್ತಿ ಅರ್ಧಕ್ಕೆ ನಿಂತಿತು. ಅವರು ಮಗನ ಮುಖ ನೋಡಿದರು. ಆಚಾರ್ಯರು ನೆಲ ನೋಡಿದರು.

"ತಗೀಲಿಕ್ಕೆ ಬರೂದಿಲ್ಲ," ಎಂದರು ಆಚಾರ್ಯರು ಕೊನೆಗೆ. "ಶೇಜಾರತಿ ಆಗಿ ದೇವರು ಮಲಗಿದರೂ ನಂದಾದೀಪ ಉರೀಬೇಕು. ಅದು ಪದ್ಧತಿ."

"ಉರೀಲ್ರಿ. ಗುಡ್ಯಾಗ ಅದಕ್ಕ ಎಣ್ಣಿ ಹಾಕಾಕ ಮನಷ್ಯಾರು ಇರತಾರ. ನಿಂತ ಗಾಡಿಗೆ ಯಾರು ಹಾಕತೀರಿ? ಎಂಜಿನ್ ನಡದಾಗಷ್ಟಽ ಬ್ಯಾಟರಿಗೆ ಎಣ್ಣಿ. ಎಣ್ಣಿ ಹಾಕದಽ ದೀಪ ಉರೀಬೇಕು ಅನ್ನೂದು ಯಾವ ಪದ್ಧತ್ರಿ?"

ಲೀಲಾಬಾಯಿ ಹೊಸೆದ ಬತ್ತಿಗಳನ್ನು ಬಟ್ಟಲಲ್ಲಿಟ್ಟು ಎದ್ದರು. "ಖರೇ ಅದ. ಒಳಗಿಂದಕ್ಕ ನಾ ಹಾಕತೇನಿ, ಹಗಲೂ ರಾತ್ರಿ. ಗಾಡೀದು ಗಾಡಿ ನಡದಾಗ ಹತ್ತಲಿ. ಅದನ್ನ ಕೀಲಿಗೆ ಹಚ್ಚಿಬಿಡು ತಂಗಿ, ಈಗಽ ಹಚ್ಚು. ಮುಟ್ಟು, ನಾ ಹೇಳತೇನಿ."

ಇಂಥ ಮಾತು ಆ ಮನೆಯ ಅಂಗಳದಲ್ಲಿ ಕೃಷ್ಣವ್ವನ ಮೊಮ್ಮಗಳಿಗೆ ಸಿಗುವುದು ಸಣ್ಣ ಸಂಗತಿಯಲ್ಲ. ದುರ್ಗಾ ಕಟ್ಟಿದ ಕೈ ಬಿಡಲಿಲ್ಲ.

"ಇಲ್ಲಿ ಮುಟ್ಟೂದಿಲ್ರಿ ಬಾಯಾರ. ಇಲ್ಲಿ ಗ್ವಾಡಿ ಒಳಗ ಮುಟ್ಟಿದ್ರ ನೀವಿಬ್ಬರಽ ನೋಡಿದಂಗ ಆತು. ನನ್ನ ಮಾತು ಕೆಡಿಸಿದ್ದು ಪರಸಪ್ಪನ ಚಹಾದಂಗಡಿ ಮುಂದ. ದಾರಾ ಬಿಚ್ಚಿ ಟೇಪ್ ಸುತ್ತಿ ಇಡ್ರಿ. ನಾಳಿ ಶುಕ್ರವಾರ, ಹೋಗಿ ಬರ್ರಿ. ನಾಕು ದಿನ ಬಿಟ್ಟು ಮಂಗಳವಾರ ಬಟನ್ ಒತ್ತರಿ. ಎದ್ದಿಲ್ಲಂದ್ರ ಬುಧವಾರ ಬಂದು ಏನು ಹೇಳತೇನಿ ಅಂದಿದ್ರಿ, ಅದನ್ನ ಹೇಳ್ರಿ. ಎದ್ರ, ಗಾಡಿ ತಗೊಂಡು ಬಂದು ಅದೇ ಜಾಗಾದಾಗ ನಿಂತು ಬ್ಯಾರೇದು ಹೇಳ್ರಿ. ಆಮ್ಯಾಲ ಮುಟ್ಟತೇನಿ."

"ಇದು ಭಾಳ ಆತು," ಎಂದರು ಆಚಾರ್ಯರು.

"ನನಗೂ ಅವತ್ತು ಭಾಳ ಆಗಿತ್ರಿ," ಎಂದು ಅವಳು ಸ್ಕೂಟಿ ತಿರುಗಿಸಿದಳು.

ಆ ಐದು ದಿನ ಅಂಗಡಿಗೆ ಪಂಕ್ಚರ್ ಅಂಗಡಿಯ ದಾರಿ ಕೇಳುವವರು ಬಿಟ್ಟರೆ ಯಾರೂ ಬರಲಿಲ್ಲ. ದುರ್ಗಾ ಕಪಾಟಿನ ಬ್ಯಾಟರಿಗಳ ಧೂಳನ್ನು ದಿನಕ್ಕೆರಡು ಸಲ ಒರೆಸಿದಳು. ಮಂಗಳವಾರ ಮುಂಜಾನೆ ಅವಳ ಬೆರಳು ಕೌಂಟರಿನ ಮೇಲೆ ನಾಲ್ಕಕ್ಕೆ ಬಂದು ನಿಂತು, ಮುಂದಕ್ಕೆ ಹೋಗಲಿಲ್ಲ.

ಬುಧವಾರ ಹತ್ತು ಗಂಟೆಗೆ ಗಲ್ಲಿಯ ತುದಿಯಲ್ಲಿ ಮೋಟಾರ್‌ಸೈಕಲ್ಲಿನ ಸದ್ದು ಕೇಳಿತು. ಮಡಿ ಗಾಡಿ ಬರುತ್ತಿತ್ತು. ಹಿಂದೆ ಲೀಲಾಬಾಯಿ ಮಗನ ಭುಜ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತು ನೇರ ಮಾಡಿ ಕೂತಿದ್ದರು. ಪರಸಪ್ಪ ಕುದಿಯುವ ಚಹ ಬಿಟ್ಟು ಹೊರಗೆ ಬಂದ. ಬೀರಪ್ಪನೂ ಅಲ್ಲಿಯೇ ಇದ್ದ.

ಆಚಾರ್ಯರು ಗಾಡಿ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು, "ಬ್ಯಾಟರಿ ಸರಿ ಇತ್ತು," ಎಂದರು.

ದುರ್ಗಾ ಕೌಂಟರಿನ ಹಿಂದೆಯೇ ನಿಂತಿದ್ದಳು. "ಹೋದ ಬುಧವಾರ ಇಷ್ಟು ಸಣ್ಣ ಧ್ವನಿ ಇರಲಿಲ್ಲಲ್ರಿ ಆಚಾರ್ರ."

ಲೀಲಾಬಾಯಿ ಹಿಂದಿನಿಂದ ಮಗನ ಬೆನ್ನಿಗೆ ಬೆರಳು ಚುಚ್ಚಿದರು. ಆಚಾರ್ಯರು ಕಣ್ಣು ಮುಚ್ಚಿದರು. ತೆರೆದಾಗ ಪೂಜೆಯ ಕಂಠ ಬಂದಿತ್ತು. "ಈ ಹುಡುಗಿ ಮಾರಿದ ಬ್ಯಾಟರಿಯೊಳಗ ದೋಷ ಇರಲಿಲ್ಲ. ದೋಷ ನಮ್ಮ ಗಾಡಿಯೊಳಗಿತ್ತು. ನಾ ಆಡಿದ ಮಾತು ಸುಳ್ಳು. ಎಲ್ಲಾರಿಗೂ ಕೇಳಿಸ್ತೋ ಇಲ್ಲೋ?"

"ಕೇಳಿಸ್ತ್ರಿ," ಎಂದ ಪರಸಪ್ಪ. "ಸಂಪಗಾಂವಿಗೂ ಕೇಳಿಸಿರಬೇಕು."

ತಾಯಿ, ಮಗ ಗಾಡಿಯಿಂದ ಇಳಿದರು. ಆಗ ದುರ್ಗಾ ಹೊರಗೆ ಬಂದಳು. ಬಂದವಳೇ ಗಾಡಿಯ ಸೀಟಿನ ಮೇಲೆ ಅಂಗೈ ಊರಿದಳು. ಊರಿದ ಕೈಯನ್ನು ಅಲ್ಲಿಯೇ ಇಟ್ಟುಕೊಂಡು ಮೀಟರು ತರಲು ಮಾವನಿಗೆ ಹೇಳಿದಳು.

ಬಟನ್ ಒತ್ತಿ ನೋಡಿದಳು. ಗಾಡಿ ಎದ್ದಿತು, ಆದರೆ ಎದ್ದ ಧ್ವನಿಯಲ್ಲಿ ದಣಿವಿತ್ತು. ಒತ್ತುವಾಗ ಮೀಟರಿನ ಅಂಕಿ ಒಂಬತ್ತರ ಕೆಳಗೆ ಕುಸಿದು ಮೇಲೆ ಬಂತು. "ನೋಡ್ರಿ. ಹುಟ್ಟುವಾಗ ಇದು ಗಟ್ಟಿ ಇತ್ತು. ವಾರ ವಾರ ಬರಿದಾಗಿ ಬರಿದಾಗಿ ಒಳಗಿನ ತಗಡು ಸತ್ತಾವ. ಇನ್ನೊಂದು ತಿಂಗಳು ಎಳದಾಡಬಹುದು. ಹಾದ್ಯಾಗ ಬಿಡತೈತಿ. ಬದಲಿ ಮಾಡಬೇಕು, ನಿಮ್ಮ ಖರ್ಚಿನ್ಯಾಗ."

"ಹಾಕು," ಎಂದರು ಲೀಲಾಬಾಯಿ, ಮಗ ಬಾಯಿ ತೆರೆಯುವ ಮೊದಲೇ.

ಅವಳು ಅವಸರ ಮಾಡಲಿಲ್ಲ. ಕರಿಯ ತಂತಿ ಮೊದಲು ಬಿಚ್ಚಿದಳು, ಕೆಂಪು ಆಮೇಲೆ. ನೀರು ಹಾಕಿ ಹಾಕಿ ಹಿಡಿದಿದ್ದ ಹಸಿರು ಕಿಲುಬನ್ನು ಬ್ರಶ್ಶಿನಿಂದ ತಿಕ್ಕಿದಳು. ಹೊಸ ಬ್ಯಾಟರಿ ಕೂಡಿಸಿ ಕೆಂಪು ಮೊದಲು, ಕರಿಯದು ಆಮೇಲೆ ಬಿಗಿದು, ಎರಡಕ್ಕೂ ವ್ಯಾಸಲಿನ್ ಸವರಿದಳು. ದೇವಿಯ ದಾರವನ್ನು ಬಿಚ್ಚಿ ಹಣೆಗೆ ಒತ್ತಿಕೊಂಡು, ಒಳಗಿನ ತಂತಿಯನ್ನು ಕೀಲಿಯ ಹಾದಿಗೆ ಕೂಡಿಸಿ, ದಾರವನ್ನು ಮತ್ತೆ ಅದಕ್ಕೇ ಸುತ್ತಿದಳು. ಗಲ್ಲಿಯ ಜನ ಚಹ ಕುಡಿಯುತ್ತ ಅಷ್ಟನ್ನೂ ನೋಡಿದರು. ಅವಳ ಹತ್ತೂ ಬೆರಳು ಆ ಗಾಡಿಯ ಮೇಲೆ ಅರ್ಧ ಗಂಟೆ ಇದ್ದವು.

ಆಮೇಲೆ ವಾರಂಟಿ ಕಾರ್ಡು ತೆಗೆದು, ತಾರೀಖು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಒಂದು ಸಾಲು ಬರೆದು ಆಚಾರ್ಯರ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

"ಇದೇನು ಬರದಿ?"

"ಕೆಸರಾದ್ರ ತೊಳೀರಿ, ಧೂಳಾದ್ರ ತೊಳೀರಿ. ನಾ ಮುಟ್ಟಿದೆ ಅಂತ ತೊಳದ್ರ ಈ ಕಾರ್ಡ್ ನಡಿಯಂಗಿಲ್ಲ. ಸಹಿ ಮಾಡ್ರಿ."

"ಯಾತಕ್ಕ ತೊಳದೆ ಅಂತ ನಿನಗ ಹ್ಯಾಂಗ ಗೊತ್ತಾಗತದ?"

"ನನಗ ಗೊತ್ತಾಗೂದಿಲ್ರಿ. ನಿಮಗ ಗೊತ್ತಿರತೈತಿ."

ಆಚಾರ್ಯರು ಪೆನ್ನು ಹಿಡಿದು ತಮ್ಮ ಚೀಲದ ಕಡೆ ನೋಡಿದರು. ಅವರ ಚೀಲದಲ್ಲಿ, ದಾರಿಯಲ್ಲಿಯೇ ಚಿಮುಕಿಸಲೆಂದು ತಂದಿದ್ದ ನೀರಿನ ತಂಬಿಗೆ ಇತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ಲೀಲಾಬಾಯಿ ಅದನ್ನು ಚೀಲದಿಂದ ತೆಗೆದು ದುರ್ಗಾಳ ಕಡೆ ಚಾಚಿದರು. "ಕೈಗೆ ವ್ಯಾಸಲಿನ್ ಹತ್ತೇದ. ತೊಳಕೋ ತಂಗಿ."

ದುರ್ಗಾ ತಂಬಿಗೆ ನೋಡಿದಳು. "ಇರಲ್ರಿ ಬಾಯಾರ. ಇನ್ನೂ ಕೆಲಸ ಐತಿ," ಎಂದು ಕೈಯನ್ನು ತನ್ನ ಓಢಣಿಗೆ ಒರೆಸಿಕೊಂಡಳು.

ಆಚಾರ್ಯರು ಸಹಿ ಮಾಡಿದರು. ಕೀಲಿ ತಿರುವಿದಾಗ ಹೂವಿನ ಹಿಂದೆ ಕೆಂಪು ದೀಪ ಹತ್ತಿತು. ಬಟನ್ ಒತ್ತಿದರು, ಗಾಡಿ ಒಂದೇ ಉಸಿರಿಗೆ ಎದ್ದಿತು. ಅದು ಗಲ್ಲಿ ತಿರುಗಿ, ಬಸ್ಸಿನ ಗದ್ದಲದಲ್ಲಿ ಸೇರುವವರೆಗೂ ದುರ್ಗಾ ತಲೆ ಓರೆ ಮಾಡಿ ಕೇಳಿದಳು. ಎಲ್ಲಿಯೂ ಒಂದು ಮಾತ್ರೆ ತಪ್ಪಲಿಲ್ಲ.

ತಿರುಗಿ ನೋಡಿದರೆ ಬೀರಪ್ಪ ಕಪಾಟಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

"ಅಲ್ಲ ದುರ್ಗವ್ವಾ, ಆ ಟ್ರ್ಯಾಕ್ಟರ್ ಬ್ಯಾಟರಿ..."

"ಮೊದಲ ಟ್ರ್ಯಾಕ್ಟರ್ ತಗೊಂಡು ಬಾ ಬೀರಪ್ಪಣ್ಣ," ಎಂದಳು ದುರ್ಗಾ. "ಗಾಡಿ ನೋಡದಽ ಕೊಡೂದಿಲ್ಲ."